ಅರೆಯುವಷ್ಟೇ ಕಡಿಯಬೇಕು

2025 ಫೆಬ್ರವರಿ 15, ಶನಿವಾರ
ಕೊಳ್ಳೇಗಾಲ

ಶಿಬಿರಕ್ಕೆ ಹದಿನೆಂಟು ಜನ ಹೆಸರು ಕೊಟ್ಟಿದ್ದರು. ಬಂದವರು ಹನ್ನೊಂದು. ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಲ್ಲಿ ರಜೆಯ ದಿನ ಇಷ್ಟು ಜನ ಸೇರಿದ್ದೇ ಹೆಚ್ಚು ಎಂದು ಪ್ರಿನ್ಸಿಪಾಲರು ಸಮಾಧಾನ ಹೇಳಿದರು.

ಹ್ಯಾಂಪರ್ ಎಂದರೇನು ಎಂದು ಬೋರ್ಡಿನ ಮೇಲೆ ಬರೆದೆ. ಕಂಪ್ಯೂಟರಿಗೆ ಬೇಕಾದ ತಂತ್ರಾಂಶಗಳನ್ನು ಇಂಟರ್‌ನೆಟ್ಟಿನಿಂದ ಹೊತ್ತು ತಂದು, ಬಿಚ್ಚಿ, ಅದರದರ ಜಾಗದಲ್ಲಿ ಕೂರಿಸುವ ಸಾಧನ. ಯಾರೊಬ್ಬರ ಸ್ವತ್ತೂ ಅಲ್ಲ. ಎಲ್ಲೆಲ್ಲಿಯೋ ಇರುವ ಜನ ಬಿಡುವಿನಲ್ಲಿ ಕೂತು ಕಟ್ಟಿದ್ದು, ಕಟ್ಟುತ್ತಲೇ ಇರುವುದು. ಪ್ರತಿ ವರ್ಷ ಹೊಸಬರು ಅದಕ್ಕೊಂದು ಸುಧಾರಣೆ ಸೂಚಿಸಿ ಪ್ರಸ್ತಾವನೆ ಕಳಿಸಬಹುದು. ಇಬ್ಬರನ್ನು ಆರಿಸುತ್ತಾರೆ. ಅವರು ಅನುಭವಿಯೊಬ್ಬರ ಜೊತೆ ಮೂರು ತಿಂಗಳು ಕೆಲಸ ಮಾಡುತ್ತಾರೆ, ಆ ಸುಧಾರಣೆ ಅವರ ಹೆಸರಿನಲ್ಲೇ ಸೇರುತ್ತದೆ.

ನಾನು ಅದನ್ನು ಕಟ್ಟಿದವಳಲ್ಲ. ಆರು ವರ್ಷದಿಂದ ಅದರ ಕೈಪಿಡಿಯ ಇಂಗ್ಲಿಷ್ ತಿದ್ದುತ್ತಿದ್ದೇನೆ, ಅಷ್ಟೆ. ಶಿಬಿರದಲ್ಲಿ ಇದನ್ನು ಬಿಡಿಸಿ ಹೇಳಲಿಲ್ಲ. ಹೇಳಬೇಕಿತ್ತೇ?

ವಿದ್ಯಾರ್ಥಿಗಳ ನಡುವೆ ಲೈಬ್ರರಿಯ ಹುಡುಗಿಯೊಬ್ಬಳು ಕೂತಿದ್ದಳು. ರಾಮಾಪುರದಿಂದ ಆಚೆಗಿರುವ ಒಂದು ಹಳ್ಳಿಯ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತಾಳಂತೆ. ಹೆಸರು ಪುಟ್ಟಮಾದಮ್ಮ, ವಯಸ್ಸು ಮೂವತ್ತೊಂದು, ಕನ್ನಡ ಮಾಧ್ಯಮದಲ್ಲಿ ಬಿ.ಎ. ಊಟಕ್ಕೆ ಮುಂಚೆ ಕೈ ಎತ್ತಿದಳು.

"ಮೇಡಂ, ಅಪ್ಡೇಟು ನಡೀವಾಗ ಕರೆಂಟು ಓದ್ರೆ ಇದು ಏನ್ ಮಾಡ್ತದೆ?"

"ಯುಪಿಎಸ್ ಇರುತ್ತಲ್ಲಮ್ಮ."

"ಅದ್ರ ಬ್ಯಾಟ್ರಿ ಸತ್ತು ಎರಡು ವರ್ಸ ಆಯ್ತು. ತಿಥಿನೂ ಮಾಡ್ಬುಟ್ವಿ."

ಎಲ್ಲರೂ ನಕ್ಕರು. ನಾನು ಉತ್ತರ ಕೊಟ್ಟೆನೇ? ಸುತ್ತಿ ಬಳಸಿ ಏನೋ ಹೇಳಿದೆ. ಅವಳು ಬರೆದುಕೊಳ್ಳಲಿಲ್ಲ.

ಫೆಬ್ರವರಿ 22, ಶನಿವಾರ

ಪುಟ್ಟಮಾದಮ್ಮ ಮತ್ತೆ ಬಂದಿದ್ದಳು, ಬೆಳಗಿನ ಬಸ್ಸಿಗೆ, ಹನೂರಿನಲ್ಲಿ ಇಳಿದು ಹತ್ತಿ. ಉದ್ದನೆಯ ಒಂದು ನೋಟುಪುಸ್ತಕ ತಂದಿದ್ದಳು. ಲೈಬ್ರರಿಯಲ್ಲಿ ಕರೆಂಟು ಬಂದ ಗಂಟೆ, ಹೋದ ಗಂಟೆ, ಎರಡು ವರ್ಷದ್ದು. ಒಂದು ದಿನವೂ ಬಿಟ್ಟಿಲ್ಲ. ಯಾರೂ ಹೇಳಿ ಬರೆಸಿದ್ದಲ್ಲ.

ಅವಳ ಸಮಸ್ಯೆ ನನಗೆ ಪೂರ್ತಿ ಅರ್ಥವಾಗಿದ್ದು ಇವತ್ತು. ಹ್ಯಾಂಪರ್ ಕೆಲಸ ಶುರು ಮಾಡುವಾಗ ಬೇರೆ ಯಾರೂ ಒಳಗೆ ಬರದಂತೆ ಚಿಲಕ ಹಾಕಿಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ ಚಿಲಕ ಹಾಕಿದವನು ಮಾಯ, ಚಿಲಕ ಮಾತ್ರ ಉಳಿಯುತ್ತದೆ. ಜನ ಯಾವುದೋ ವಿಡಿಯೋ ನೋಡಿ ಆ ಚಿಲಕವನ್ನು ಕಿತ್ತು ಹಾಕುತ್ತಾರೆ. ಒಳಗೆ ಅರ್ಧ ಬಿಚ್ಚಿದ ಗಂಟುಗಳ ಮೇಲೆ ಹೊಸ ಗಂಟುಗಳು ಬೀಳುತ್ತವೆ. ಅವಳ ಐದು ಕಂಪ್ಯೂಟರುಗಳಲ್ಲಿ ಎರಡು ಹೀಗೆಯೇ ಕೆಟ್ಟು ಕೂತಿವೆ.

"ನಮ್ಮಪ್ಪ ಕುಂತೂರು ಸಕ್ರೆ ಫ್ಯಾಕ್ಟ್ರಿ ಯಾರ್ಡಲ್ಲಿ ಕೆಲ್ಸದಲ್ಲಿದ್ರು ಮೇಡಂ. ಕಬ್ಬಿಗೆ ಕಟಿಂಗ್ ಆರ್ಡರ್ ಕೊಡ್ತಾರಲ್ಲ, ಇವತ್ತು ಎಷ್ಟು ಅರೀತದೋ ಅಷ್ಟಕ್ಕೇ ಕೊಡಾದು. ತೋಟ್ದಲ್ಲಿರಾದೆಲ್ಲ ಒಂದೇ ದಿವ್ಸ ಕಡ್ದು ತಂದು ನಿಲ್ಸುದ್ರೆ ಟ್ರ್ಯಾಕ್ಟರ್ ಮೇಲೇ ಒಣಗ್ತದೆ. ಇದು ಅಂಗೇ ಮಾಡ್ತಾ ಅದೆ. ಇನ್ನೂರು ಐಟಮ್ಮು ಒಟ್ಗೆ ಕಡ್ಕಂಡು ಬಂದು ಸಾಲಾಗಿ ನಿಲ್ಸ್ಕತದೆ. ಅರಿಯಕ್ಕೆ ಶುರು ಮಾಡೋ ಒತ್ಗೆ ಕರೆಂಟು ಓಯ್ತದೆ."

"ಹಾಗಾದರೆ ಏನು ಮಾಡಬೇಕು ಅನ್ನುತ್ತೀಯ?"

"ಅರಿಯೋ ಅಷ್ಟೇ ಕಡೀಬೇಕು. ಒಂದು ಕಂತು ತಂದು, ಕೂರ್ಸಿ, ಚಿಲ್ಕ ತಗ್ದು, ಆಮೇಲೆ ಇನ್ನೊಂದು."

ಅದಕ್ಕಾಗಿ ನಲವತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಮನ್ನೂ ಬರೆದಿದ್ದಾಳೆ. ಯಾರು ಕಲಿಸಿದ್ದು ಎಂದು ಕೇಳಿದರೆ, ಹ್ಯಾಂಪರಿನ ಕೈಪಿಡಿಯೇ ಅಂದಳು. ಆ ಕೈಪಿಡಿಯ ಇಂಗ್ಲಿಷ್ ನನ್ನದು ಎಂದು ಹೇಳಿಕೊಂಡೆ, ಸ್ವಲ್ಪ ಹೆಮ್ಮೆಯಿಂದಲೇ.

"ಬಾಳ ಚೆಂದಾಗದೆ ಮೇಡಂ. ಒಂದೇ ತೊಂದ್ರೆ. ಎಲ್ಲೆಲ್ಲಿ ‘ಸಿಂಪ್ಲಿ’ ಅಂತ ಬರ್ದಿದ್ದೀರೋ, ಅಲ್ಲೆಲ್ಲ ನಾನು ಸಿಗಾಕ್ಕಂಡಿವ್ನಿ. ಒಂದೊಂದ್ ಸಿಂಪ್ಲಿಗೂ ಒಂದೊಂದ್ ವಾರ."

ಪ್ರಸ್ತಾವನೆಗೆ ಕೊನೆಯ ದಿನ ಮಾರ್ಚ್ ಮೂರು. ಇಂಗ್ಲಿಷಿನಲ್ಲಿ ಬರೆದು ತರಲು ಹೇಳಿದ್ದೇನೆ. ಬುಧವಾರ ಬರುತ್ತಾಳೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಬಸ್ಸುಗಳೆಲ್ಲ ಬೆಟ್ಟದ ಜಾತ್ರೆಗೆ ಹೋಗಿಬಿಟ್ಟಿವೆ, ಅಜ್ಜೀಪುರದ ದಾರಿಯುದ್ದಕ್ಕೂ ನಡೆದು ಹೋಗುವ ಜನ. ಮಾದಮ್ಮ ಬರಲಾಗಲಿಲ್ಲ, ಬರೆದದ್ದನ್ನು ಫೋನಿನಲ್ಲಿ ಕಳಿಸಿದಳು. ಬಂದ ಮೇಲೆ ಕೂತು ಒಟ್ಟಿಗೆ ನೋಡೋಣ ಎಂದುಕೊಂಡಿದ್ದೆವು.

ಇಂಗ್ಲಿಷ್ ಓದಿ ಸಂಕಟವಾಯಿತು. ಕ್ರಿಯಾಪದ ಒಂದು ಕಡೆ, ಕರ್ತೃ ಒಂದು ಕಡೆ. ಇದನ್ನು ಹೊರದೇಶದವರು ಓದಿದರೆ ಎರಡನೆಯ ಸಾಲಿಗೇ ಮುಚ್ಚಿಡುತ್ತಾರೆ. ಉಪವಾಸ, ಮನೆಯಲ್ಲಿ ಬೇರೆ ಕೆಲಸವಿಲ್ಲ. ಬೆಳಿಗ್ಗೆ ಹತ್ತಕ್ಕೆ ಕೂತು ಸಂಜೆ ನಾಲ್ಕಕ್ಕೆ ಎದ್ದೆ. ಸಮಸ್ಯೆ, ಕಾರಣ, ಪರಿಹಾರ, ಹೀಗೆ ವಿಂಗಡಿಸಿದೆ. ಕಬ್ಬಿನ ಭಾಗ ತೆಗೆದುಹಾಕಿದೆ, ಅಲ್ಲಿಯವರಿಗೆ ಅದು ತಲೆಬುಡ ತಿಳಿಯುವುದಿಲ್ಲ. ನೋಟುಪುಸ್ತಕದ ಫೋಟೋಗಳ ಬದಲು "ವಿದ್ಯುತ್ ಪೂರೈಕೆ ಅನಿಶ್ಚಿತವಾಗಿರುವ ಪ್ರದೇಶಗಳಲ್ಲಿ" ಎಂದು ಒಂದು ವಾಕ್ಯ. ಓದಿದರೆ ನೀರು ಕುಡಿದಂತಿದೆ.

ಬಹಳ ದಿನದ ಮೇಲೆ ಒಂದು ಕೆಲಸವನ್ನು ಚೆನ್ನಾಗಿ ಮಾಡಿದ ಸಂತೋಷ.

ಮಾರ್ಚ್ 3, ಸೋಮವಾರ

ಕಳಿಸಿದಳು. ನನ್ನ ಪ್ರತಿಯನ್ನು ಒಂದು ಸಲ ಓದಿ ನೋಡು, ಏನಾದರೂ ಬಿಟ್ಟುಹೋಗಿದ್ದರೆ ಹೇಳು ಎಂದಿದ್ದೆ. "ನೀವು ಮಾಡಿರಾದು ಸರ್ಯಾಗೇ ಇರ್ತದೆ ಬುಡಿ ಮೇಡಂ" ಅಂದಳು. ಆಮೇಲೆ, "ಕಬ್ಬು ಬ್ಯಾಡ್ವಾ?" ಎಂದು ಕೇಳಿದಳು. ಬೇಡ ಎಂದೆ.

ಮಾರ್ಚ್ 11, ಮಂಗಳವಾರ

ಮಾದಮ್ಮನ ಪ್ರಸ್ತಾವನೆಯನ್ನು ತಿರಸ್ಕರಿಸಿ ಮುಚ್ಚಿದ್ದಾರೆ. ಮುಚ್ಚಿದವಳು ಇಂಗ್ರಿಡ್. ನಾರ್ವೆಯವಳು, ಹೊಸಬರ ವಿಭಾಗದ ಮುಖ್ಯಸ್ಥೆ. ಆರು ವರ್ಷದಿಂದ ನನಗೆ ಪತ್ರದಲ್ಲಿ ಪರಿಚಯ, ಮುಖ ನೋಡಿಲ್ಲ. ಎಲ್ಲರೂ ಓದಬಹುದಾದ ಪುಟದಲ್ಲಿ ಹೀಗೆ ಬರೆದಿದ್ದಾಳೆ: "ಈ ವರ್ಷ ನಮಗೆ ಬಂದಿರುವ ನೂರನಲವತ್ತು ಪ್ರಸ್ತಾವನೆಗಳಲ್ಲಿ ಅರ್ಧಕ್ಕರ್ಧ ಯಂತ್ರ ಬರೆದವು. ಇದೂ ಅಂಥದ್ದೇ ಎಂದು ನನಗನ್ನಿಸುತ್ತದೆ. ಪ್ರತಿ ಪ್ಯಾರಾದಲ್ಲೂ ಅಳೆದಂತೆ ಮೂರು ಕಾರಣ, ಕೊನೆಗೊಂದು ಅಂದದ ವಾಕ್ಯ. ಕರೆಂಟು ಹೋಗುವ ಊರಿನಲ್ಲಿ ಕೂತ ಮನುಷ್ಯರ ಗುರುತು ಒಂದೂ ಇಲ್ಲ. ಸಲ್ಲಿಸಿದವರು ಹತ್ತು ದಿನದೊಳಗೆ ಉತ್ತರಿಸಬಹುದು."

ಮಾದಮ್ಮನ ಹೆಸರಿನ ಮುಂದೆ ಒಂದು ಕೆಂಪು ಗುರುತು ಬಿದ್ದಿದೆ. ಯಂತ್ರದಿಂದ ಬರೆಸಿ ತನ್ನದೆಂದು ಹೇಳಿದವರು ಎಂದು ಅದರ ಅರ್ಥ. ಉತ್ತರ ಒಪ್ಪಿಗೆಯಾಗದಿದ್ದರೆ ಅದು ಅಳಿಯುವುದಿಲ್ಲ.

ಯಂತ್ರವಲ್ಲ, ನಾನು. ಕಾನ್ವೆಂಟಿನಲ್ಲಿ ಪ್ರಬಂಧಕ್ಕೆ ಮೂರು ವರ್ಷ ಬಹುಮಾನ ತಂದ ನಾನು.

ಮಾರ್ಚ್ 12, ಬುಧವಾರ

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಣಿಸಿದೆ. ಅವಳು ಬರೆದದ್ದು ನಾನೂರ ಹನ್ನೆರಡು ಪದ. ನನ್ನ ಪ್ರತಿಯಲ್ಲಿ ಅವಳು ಬರೆದಂತೆಯೇ ಉಳಿದದ್ದು ಹತ್ತೊಂಬತ್ತು. ಅದರಲ್ಲಿ ನಾಲ್ಕು ಅವಳ ಹೆಸರು, ವಿಳಾಸ.

ಹೊಸಬರಿಗೆ ಸಲಹೆ ಕೊಡಬಹುದು, ಅವರ ಬದಲು ಬರೆಯಬಾರದು. ಇದು ನಮ್ಮ ತಂಡದ ನಿಯಮ. ಆ ನಿಯಮದ ಇಂಗ್ಲಿಷನ್ನೂ ತಿದ್ದಿದವಳು ನಾನೇ. ತಿದ್ದುವುದು ಬರೆಯುವುದಲ್ಲ ಎಂದು ನಂಬಿದ್ದೆ. ಈಗಲೂ ಪೂರ್ತಿ ನಂಬಿಕೆ ಬಿಟ್ಟಿಲ್ಲ.

ಮಾರ್ಚ್ 13, ಗುರುವಾರ

ಇಂಗ್ರಿಡ್‌ಗೆ ಬರೆಯಲು ಕೂತೆ. ನಾಲ್ಕು ಸಲ ಶುರು ಮಾಡಿದೆ. ನಾಲ್ಕೂ ಸಲ ನಾನು ಒಳ್ಳೆಯವಳಾಗಿಯೇ ಕಾಣುತ್ತಿದ್ದೆ. ಅಳಿಸಿದೆ.

ಮಾರ್ಚ್ 14, ಶುಕ್ರವಾರ

ಊಟ ಸರಿಯಾಗಿ ಸೇರುತ್ತಿಲ್ಲ ಎಂದು ಅತ್ತೆ ಹಿಡಿದುಕೊಂಡರು. ಅವರ ಹತ್ತಿರ ಏನನ್ನೂ ಮುಚ್ಚಿಡಲಾಗುವುದಿಲ್ಲ. ಕಂಪ್ಯೂಟರು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

"ರಾಗಿ ಇಟ್ಟು ತೊಳ್ಸ್ದೋಳು ಅವ್ಳು, ಉಂಡೆ ಕಟ್ದೋಳು ನೀನು. ತಟ್ಟೆಗೆ ಆಕೋವಾಗ ಯಾರೆಸ್ರು ಏಳುದ್ರಿ?"

"ಅವಳದ್ದೇ ಅತ್ತೆ."

"ಮತ್ತೆ ಉಂಡೆ ಮೇಲೆ ನಿನ್ನ ಕೈ ಅಚ್ಚು ಅದಲ್ಲವ್ವ. ಅದ್ಕೇ ಅವ್ರು ಒಪ್ಲಿಲ್ಲ." ಎಲೆ ಅಡಿಕೆ ಹಾಕಿಕೊಂಡು ಮುಂದುವರಿಸಿದರು. "ನಿಂಗೆ ಮಾತು ಬರ್ತದೆ ಅಂತ ಊರೋರ್ ಮಾತೆಲ್ಲ ನೀನೇ ಆಡ್ಬುಟ್ರೆ, ಅವ್ರು ಬಾಯಿ ಇಟ್ಕಂಡು ಏನ್ ಮಾಡ್ಬೇಕು?"

ನನ್ನವರು ಪಕ್ಕದಲ್ಲಿ ಪೇಪರು ಓದುತ್ತಿದ್ದರು. ಪೇಪರು ಸ್ವಲ್ಪ ಅಲ್ಲಾಡಿತು, ನಗುತ್ತಿದ್ದರೇನೋ.

ಮಾರ್ಚ್ 15, ಶನಿವಾರ

ರಾಮಾಪುರದ ಬಸ್ಸು ಹತ್ತಿ ಹೋದೆ. ಇಂಥದ್ದನ್ನು ಫೋನಿನಲ್ಲಿ ಹೇಳಬಾರದು ಎನ್ನಿಸಿತು. ರಾಮಾಪುರದಿಂದ ಅವಳ ಗಂಡ ಶಾಂತರಾಜು ತನ್ನ ಗೂಡ್ಸ್ ಆಟೋದಲ್ಲಿ ಕರೆದುಕೊಂಡು ಹೋದ. ದಾರಿಯಲ್ಲಿ ಒಂದೇ ಮಾತು ಆಡಿದ. "ಅವ್ಳು ಎರಡು ದಿವ್ಸದಿಂದ ಲೈಬ್ರರಿ ಕಂಪ್ಯೂಟ್ರು ಮುಟ್ಟಿಲ್ಲ ಕಣ್ರಿ ಮೇಡಂ."

ಲೈಬ್ರರಿ ಒಂದೇ ಕೋಣೆ. ಸುಣ್ಣ ಹೊಸದು. ಪುಸ್ತಕಗಳ ಬೆನ್ನಿಗೆಲ್ಲ ಅವಳ ಕೈಬರಹದ ಚೀಟಿ. ಐದು ಕಂಪ್ಯೂಟರುಗಳ ಮೇಲೆ ಹಳೆಯ ಸೀರೆ ಹರಿದು ಹೊಲಿದ ಮುಸುಕು. ಅವಳು ಇಂಗ್ರಿಡ್‌ಳ ಮಾತನ್ನು ಆಗಲೇ ಓದಿದ್ದಳು, ನಿಘಂಟು ಇಟ್ಟುಕೊಂಡು.

"ಕಳ್ಳಿ ಅಂತ ಬರ್ದವ್ರೆ, ಅಲ್ವಾ ಮೇಡಂ? ಇಡೀ ಪ್ರಪಂಚ ಓದಾಂಗೆ."

"ತಪ್ಪು ನನ್ನದು."

"ಒಪ್ಕಂಡೋಳು ನಾನಲ್ವಾ."

"ಒಪ್ಪದೆ ಇನ್ನೇನು ಮಾಡಬಹುದಿತ್ತು?"

ಅವಳು ಯೋಚಿಸಿದಳು. ನಾನು ಕೇಳಿದ್ದಕ್ಕೆ ಸಮಾಧಾನದ ಉತ್ತರ ಕೊಡುವವಳಲ್ಲ. "ಬ್ಯಾಡ ಅನ್ನಬೋದಾಗಿತ್ತು. ಕಬ್ಬು ತಗ್ದಾಗ್ಲೇ ಅನ್ನಿಸ್ತು, ಇದು ನಂದಲ್ಲ ಅಂತ. ಆದ್ರೆ ಓದೋಕೆ ಅಷ್ಟು ಚೆಂದಾಗಿತ್ತು. ನನ್ನೆಸ್ರು ಅಷ್ಟು ಚೆಂದಾಗಿರಾದ್ರ ಕೆಳ್ಗೆ ಯಾವತ್ತೂ ಬಂದಿರ್ಲಿಲ್ಲ."



ಆಮೇಲೆ ಅವಳೇ, "ಉತ್ರ ನಾನೇ ಬರೀಲಾ? ನಿಮ್ಗೆ ತೋರ್ಸಲ್ಲ. ಬೇಜಾರ್ ಮಾಡ್ಕಬ್ಯಾಡಿ" ಎಂದಳು.

ಬರೆಯಿರಿ ಎಂದೆ. ಮಜ್ಜಿಗೆ ಕೊಟ್ಟಳು. ಕುಡಿದು ನಾಲ್ಕರ ಬಸ್ಸಿಗೆ ಬಂದೆ.

ಮಾರ್ಚ್ 17, ಸೋಮವಾರ

ಬರೆದಿಲ್ಲ. ಅವಳೂ, ನಾನೂ.

ಮಾರ್ಚ್ 19, ಬುಧವಾರ

ಮಾದಮ್ಮ ಉತ್ತರ ಹಾಕಿದ್ದಾಳೆ. ಮಧ್ಯಾಹ್ನ ಕಾಲೇಜಿನಲ್ಲಿ ನೋಡಿದೆ. ಆ ಇಂಗ್ಲಿಷನ್ನು ಕನ್ನಡದಲ್ಲಿ ಹೇಳಿಕೊಳ್ಳುವುದಾದರೆ ಹೀಗಿದೆ:

"ನಾನು ಪುಟ್ಟಮಾದಮ್ಮ. ನಾನು ಯಂತ್ರ ಅಲ್ಲ. ನಮ್ಮಲ್ಲಿ ಕರೆಂಟು ಹೋಗುತ್ತದೆ. ಎಷ್ಟು ಗಂಟೆಗೆ ಎಂದು ಪುಸ್ತಕ ಇದೆ, ಎರಡು ವರ್ಷದ್ದು, ಫೋಟೋ ನೋಡಿ. ಒಬ್ಬರು ಮೇಡಂ ನನ್ನ ಇಂಗ್ಲಿಷ್ ಸರಿ ಮಾಡಿದರು. ನಾಚಿಕೆಗೆ ನಾನು ಒಪ್ಪಿದೆ. ಅದು ನನ್ನ ತಪ್ಪು, ಮೇಡಂ ತಪ್ಪಲ್ಲ. ನನ್ನ ಮೊದಲಿನ ಕಾಗದ ಕೆಳಗೆ ಇದೆ. ಅದರಲ್ಲಿ ಕಬ್ಬು ಇದೆ."

ಕೆಳಗೆ ಅವಳ ನಾನೂರ ಹನ್ನೆರಡು ಪದ. ಮತ್ತೆ ಓದಿದೆ. ಸಂಕಟಪಟ್ಟುಕೊಂಡು ಓದಿದ್ದ ಕಾಗದವೇ ಇದು? ಎಲ್ಲಿಯೂ ತಡೆಯಲಿಲ್ಲ. ಟ್ರ್ಯಾಕ್ಟರಿನ ಮೇಲೆ ಒಣಗುವ ಕಬ್ಬು ಎಂಥವರಿಗೂ ಕಾಣುವಂತಿದೆ. ಎಂಟು ಫೋಟೋ. ಒಂದರಲ್ಲಿ ಪುಟದ ಅಂಚಿಗೆ "ಆನೆ ಬಂದು ಕಂಬ ಬಿತ್ತು, 3 ದಿನ ಇಲ್ಲ" ಎಂಬ ಟಿಪ್ಪಣಿ. ನನ್ನ "ವಿದ್ಯುತ್ ಪೂರೈಕೆ ಅನಿಶ್ಚಿತ"ದಲ್ಲಿ ಆ ಆನೆ ಎಲ್ಲಿತ್ತು?

ಸಂಜೆ ಇಂಗ್ರಿಡ್ ಒಂದೇ ಸಾಲು ಬರೆದಿದ್ದಾಳೆ. "ಪುಟ್ಟ, ಧನ್ಯವಾದ. ಆ ಮೇಡಂ ಯಾರು?"

ಮಾದಮ್ಮ ಫೋನು ಮಾಡಿದಳು. "ನನ್ನ ಪುಟ್ಟ ಅಂತವ್ಳೆ ಮೇಡಂ ಆ ವಮ್ಮ. ನಮ್ಮವ್ವನೂ ಅಂಗೇ ಕೂಗಾದು." ಎಷ್ಟೋ ದಿನದ ಮೇಲೆ ನಕ್ಕಳು. ಆಮೇಲೆ, "ಯಾರು ಅಂತ ನಾ ಏಳಲ್ಲ. ನೀವು ತಲೆ ಕೆಡ್ಸ್ಕಬ್ಯಾಡಿ."

"ಹೇಳದಿದ್ದರೆ ಗುರುತು ಹೋಗುವುದಿಲ್ಲ."

"ಓಗ್ದಿದ್ರೆ ಇರ್ಲಿ. ನಿಮ್ಗೆ ಅಲ್ಲಿ ಆರು ವರ್ಸದ್ ಮರ್ವಾದೆ ಅದೆ. ನಂದು ಇನ್ನೂ ಶುರುನೇ ಆಗಿಲ್ಲ, ಕಳ್ಕಳಕ್ಕೆ ಏನದೆ?"

ಮಾದಮ್ಮನವರು ಇದನ್ನು ದೊಡ್ಡ ಮಾತೆಂದು ಆಡಲಿಲ್ಲ. ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದರು. ಉತ್ತರಕ್ಕೆ ಉಳಿದಿರುವುದು ಎರಡು ದಿನ.

ಮಾರ್ಚ್ 20, ಗುರುವಾರ

ಬೆಳಿಗ್ಗೆ ತರಗತಿಗೆ ಮುಂಚೆ, ಸ್ಟಾಫ್ ರೂಮಿನಲ್ಲಿ, ಎಲ್ಲರೂ ಓದುವ ಅದೇ ಪುಟದಲ್ಲಿ ಬರೆದೆ. ಐದು ವಾಕ್ಯ.

"ಆ ಮೇಡಂ ನಾನು, ಕೈಪಿಡಿ ತಂಡದ ಮಾಲಿನಿ. ಯೋಚನೆಯೂ ಕೆಲಸವೂ ಪುಟ್ಟಮಾದಮ್ಮನವರದು, ಇಂಗ್ಲಿಷ್ ನನ್ನದು. ಅವರ ನಾನೂರ ಹನ್ನೆರಡು ಪದಗಳಲ್ಲಿ ನಾನು ಉಳಿಸಿದ್ದು ಹತ್ತೊಂಬತ್ತು. ನಿಯಮ ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ."

ಮತ್ತೆ ಓದಿ ನೋಡಲಿಲ್ಲ. ತರಗತಿಗೆ ಹೋದೆ.

ಮಾರ್ಚ್ 24, ಸೋಮವಾರ

ಇಂಗ್ರಿಡ್‌ಳ ಉತ್ತರ. ಕೆಂಪು ಗುರುತು ತೆಗೆದಿದ್ದಾಳೆ, ಪ್ರಸ್ತಾವನೆ ಮತ್ತೆ ತೆರೆದಿದೆ. ನನ್ನನ್ನು ಈ ವರ್ಷ ಹೊಸಬರ ವಿಷಯಕ್ಕೆ ಬರಬಾರದೆಂದು ಹೊರಗಿಟ್ಟಿದ್ದಾರೆ. ಅದನ್ನೂ ಅದೇ ಪುಟದಲ್ಲಿ ಬರೆದಿದ್ದಾಳೆ, ಮೆತ್ತಗೆ ಮಾಡದೆ. ಓದಿದಾಗ ಕಿವಿ ಬಿಸಿಯಾಯಿತು. ಸರಿಯಾಗಿಯೇ ಇದೆ.

ಆಯ್ಕೆಯ ಕೊನೆಯ ಸುತ್ತಿನಲ್ಲಿರುವವರಿಗೆಲ್ಲ ಹತ್ತು ಸಲದ ಒಂದು ಪರೀಕ್ಷೆ ಇಟ್ಟಿದ್ದಾಳೆ, ಮಾದಮ್ಮನಿಗೆ ಹೀಗೆ. ನಿಮ್ಮ ಪ್ರೋಗ್ರಾಮಿನಿಂದ ಅಪ್ಡೇಟ್ ನಡೆಯುತ್ತಿರುವಾಗ ಹತ್ತು ಸಲ ಪ್ಲಗ್ಗು ಕೀಳಿಸಿ. ಯಾವಾಗ ಕೀಳಬೇಕೆಂದು ನೀವು ಹೇಳಬಾರದು, ಬೇರೆಯವರೇ ತಮಗೆ ತೋಚಿದಾಗ ಕೀಳಬೇಕು. ಆದದ್ದನ್ನು ಆದಂತೆ ಬರೆದು ಕಳಿಸಿ.

"ಕರೆಂಟಿಲ್ದೆ ಕೆಲ್ಸ ಮಾಡಿ ಅಭ್ಯಾಸ ಅದೆ," ಅಂದರು ಮಾದಮ್ಮ. "ಕರೆಂಟಿದ್ದಾಗ ನಾವೇ ಕೀಳಾದು ಇದೇ ಮೊದ್ಲು."

ಮಾರ್ಚ್ 29, ಶನಿವಾರ

ನಾಳೆ ಯುಗಾದಿ, ಮನೆಯಲ್ಲಿ ರಾಶಿ ಕೆಲಸ. ಅತ್ತೆಯೇ ಹೋಗಿ ಬಾ ಎಂದು ಅಟ್ಟಿದರು. ಮುಟ್ಟುವುದಿಲ್ಲ, ಮಾತಾಡುವುದಿಲ್ಲ, ನೋಡಿ ಬರುತ್ತೇನೆ ಎಂದುಕೊಂಡು ಹೋದೆ.

ಲೈಬ್ರರಿಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಕೀಳುವ ಕೆಲಸವನ್ನು ಪುಟ್ಟಮಾದಪ್ಪನವರಿಗೆ ವಹಿಸಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ದಿನಾ ಪೇಪರು ಓದಲು ಬರುವವರು. ಪ್ಲಗ್ಗಿನ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತರು.

"ನಾ ಕಿತ್ತು ಕೆಟ್ಟೋದ್ರೆ ನನ್ ಮೇಲೆ ಕೇಸಾಯ್ತದಾ?"

"ಆಗಲ್ಲ ತಾತ. ಯಾವಾಗ ಮನ್ಸು ಬಂದ್ರೆ ಆವಾಗ ಕೀಳಿ."

"ನನ್ ಸೊಸೆ ಟೀವಿ ನೋಡುವಾಗ ಕೀಳ್ಬೇಕು ಅಂತ ಆರು ವರ್ಸದಿಂದ ಮನ್ಸು ಬಂದದೆ. ಇಲ್ಲಿ ತೀರ್ಸ್ಕತೀನಿ ಬುಡು."

ಮೊದಲ ಸಲ ಕಿತ್ತಾಗ ಪರದೆ ಕಪ್ಪಾಯಿತು, ಎಲ್ಲರೂ ಮಾದಮ್ಮನ ಮುಖ ನೋಡಿದರು. ಅವರು ಗಂಟೆ ಬರೆದುಕೊಂಡು ಮತ್ತೆ ಚುಚ್ಚಿ ಆನ್ ಮಾಡಿದರು. ಎರಡು ಕಂತು ಮುಗಿದಿತ್ತು. ಮೂರನೆಯದರಿಂದ ತಾನೇ ಮುಂದುವರಿಯಿತು, ಚಿಲಕದ ತಕರಾರಿಲ್ಲ. ಶಾಂತರಾಜು ಗೋಡೆಗೆ ಒರಗಿ ನಿಂತಿದ್ದವನು ನಿಧಾನವಾಗಿ ಕೂತ. ಎರಡು, ಮೂರು, ನಾಲ್ಕು. ತಾತ ಒಮ್ಮೆ ಪೇಪರು ಓದುವಂತೆ ನಟಿಸಿ ತಟಕ್ಕನೆ ಕಿತ್ತರು. ಅದನ್ನೂ ದಾಟಿತು. ಇಷ್ಟು ಹೊತ್ತು ಒಬ್ಬರ ಕೈಗಳನ್ನು ನಾನು ಯಾವತ್ತೂ ನೋಡುತ್ತಾ ಕೂತಿರಲಿಲ್ಲ. ಅವಸರವಿಲ್ಲದ ಕೈ. ಪ್ರತಿ ಸಲವೂ ಮೊದಲ ಸಲದಷ್ಟೇ ಜಾಗ್ರತೆ.

ಏಳನೆಯ ಸಲ ಮುಂದೆ ಸಾಗಲಿಲ್ಲ. ಆನ್ ಆಯಿತು, ಆದರೆ ಅಪ್ಡೇಟು ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಹಳೆಯ ಚಿಲಕ. ಮಾದಮ್ಮ ಇಪ್ಪತ್ತು ನಿಮಿಷ ಹುಡುಕಿದರು. ಕಾರಣ ಸಿಗಲಿಲ್ಲ. ಕೈಯಿಂದಲೇ ಸರಿಮಾಡಿ ಎಂಟನೆಯದಕ್ಕೆ ಹೋದರು. ಎಂಟು, ಒಂಬತ್ತು, ಹತ್ತು, ಮೂರೂ ಸರಿಯಾದವು.

ಮಾತಾಡುವುದಿಲ್ಲ ಎಂದುಕೊಂಡಿದ್ದವಳು ಬಾಯಿ ತೆರೆದೆ. "ಹೇಗೂ ಸಮಯ ಇದೆಯಲ್ಲ, ಆ ಏಳನೆಯದನ್ನು ಬಿಟ್ಟು ಇನ್ನೊಂದು ಸಲ ಮಾಡಿದರೆ ಹತ್ತಕ್ಕೆ ಹತ್ತಾಗುತ್ತದೆ."

"ಏಳ್ನೇದು ಬ್ಯಾಡ ಅಂದ್ರೆ ಕರೆಂಟು ಬುಡ್ತದಾ ಮೇಡಂ?" ಅಂದರು, ಬರೆಯುತ್ತಲೇ. ಪೆನ್ನು ನಿಲ್ಲಿಸಲೂ ಇಲ್ಲ.

"ಏಳನೇ ಸಲ ಆಗಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದರು. ನನಗೆ ಗೊತ್ತಿಲ್ಲ ಎಂದು ನಾನು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಬಸ್ಸಿನಲ್ಲಿ ಅಜ್ಜೀಪುರ ದಾಟುವವರೆಗೂ ಇದೇ ಯೋಚನೆ.

ಏಪ್ರಿಲ್ 8, ಮಂಗಳವಾರ

ಕೈಪಿಡಿಯಲ್ಲಿ "ಸಿಂಪ್ಲಿ" ಮೂವತ್ತೊಂದು ಕಡೆ ಇತ್ತು. ತೆಗೆದೆ. ಒಂದೊಂದು ಕಡೆಯೂ ಅಲ್ಲಿ ನಿಜವಾಗಿ ಏನು ಮಾಡಬೇಕೆಂದು ನನಗೇ ಗೊತ್ತಿಲ್ಲದ್ದು ತಿಳಿಯಿತು. ಅವರಿವರನ್ನು ಕೇಳಿ ಬರೆಯುತ್ತಿದ್ದೇನೆ. ಒಂಬತ್ತು ಮುಗಿದಿವೆ.

ಏಪ್ರಿಲ್ 16, ಬುಧವಾರ

ಆಯ್ಕೆಯಾದ ಎರಡು ಹೆಸರುಗಳಲ್ಲಿ ಮೊದಲನೆಯದು ಪುಟ್ಟಮಾದಮ್ಮ.

ಹೆಸರುಗಳ ಕೆಳಗೇ ಇಂಗ್ರಿಡ್ ಬರೆದಿದ್ದಾಳೆ. "ಹತ್ತಕ್ಕೆ ಹತ್ತು ಎಂದವರು ಆರು ಜನ. ನಿಮ್ಮದು ಮಾತ್ರ ಒಂಬತ್ತು. ಆ ಏಳನೆಯದು ನಮ್ಮಲ್ಲಿಯೇ ಇರುವ ಹಳೆಯ ದೋಷ, ಎಂಟು ವರ್ಷದಿಂದ ಯಾರೂ ಗಮನಿಸಿರಲಿಲ್ಲ. ನಿಮ್ಮ ಮೊದಲ ವಾರದ ಕೆಲಸ ಅದೇ. ಜೊತೆಗೆ ನಾನಿರುತ್ತೇನೆ."

ಮಾದಮ್ಮ ಫೋನು ಮಾಡಿದಾಗ ಹಿಂದೆ ಬಸ್ಸಿನ ಹಾರನ್ನು. ರಾಮಾಪುರದ ಸ್ಟಾಪಿನಲ್ಲಿ ಸಿಗ್ನಲ್ ಹುಡುಕಿಕೊಂಡು ನಿಂತಿದ್ದರಂತೆ.

"ಜೊತೆಗೆ ನಿಮ್ಮೆಸ್ರು ಇಲ್ವಲ್ಲ ಮೇಡಂ."

"ಇರಬಾರದು."

"ಬೇಜಾರಾ?"

ನಿಜವನ್ನೇ ಹೇಳುವವರ ಹತ್ತಿರ ಸುಳ್ಳು ಹೇಳುವುದು ಕಷ್ಟ. "ಸ್ವಲ್ಪ" ಎಂದೆ.

"ಸ್ವಲ್ಪ ಇರ್ಲಿ ಬುಡಿ," ಅಂದರು.

ಜೂನ್ 14, ಶನಿವಾರ

ಎರಡು ತಿಂಗಳು ಇಲ್ಲಿ ಏನೂ ಬರೆದಿಲ್ಲ. ಬರೆಯದೆ ಇದ್ದದ್ದೂ ಗೊತ್ತಾಗಲಿಲ್ಲ.

ಮಾದಮ್ಮ ಮಾಡಿದ ಕಂತಿನ ವ್ಯವಸ್ಥೆ ಹೋದ ವಾರ ಹ್ಯಾಂಪರಿಗೆ ಸೇರಿತು. ಇವತ್ತು ಅವರು ಸುತ್ತಲಿನ ಹಳ್ಳಿಗಳ ಲೈಬ್ರರಿ ನೋಡಿಕೊಳ್ಳುವ ಹೆಂಗಸರನ್ನು ತಮ್ಮ ಲೈಬ್ರರಿಗೆ ಕರೆದು ಕಲಿಸಿದರು. ಹನೂರಿನಿಂದ ಇಬ್ಬರು, ಅಜ್ಜೀಪುರದಿಂದ ಒಬ್ಬರು, ಯಳಂದೂರಿನಿಂದ ಇಬ್ಬರು. ಮೂರು ಬಸ್ಸು ಬದಲಿಸಿ ಬಂದಿದ್ದರು. ನನ್ನನ್ನೂ ಕರೆದಿದ್ದರು. ಭಾಷಣಕ್ಕಲ್ಲ. "ಬಂದು ಕೂತ್ಕಳಿ ಮೇಡಂ, ನಿಮ್ಗೂ ಬರ್ತದೆ," ಅಂದಿದ್ದರು.

ಕಿಟಕಿಯ ಪಕ್ಕದ ಕಂಪ್ಯೂಟರು ನನಗೂ ಯಳಂದೂರಿನ ಪದ್ಮಿನಿಗೂ ಸೇರಿ ಒಂದು. ಸರದಿಯ ಮೇಲೆ ಮಾಡಬೇಕು. ಮಾದಮ್ಮ ಬೋರ್ಡಿನ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಬಿಡಿಸಿ ಶುರು ಮಾಡಿದರು. ಎಲ್ಲರಿಗೂ ಒಂದೇ ಸಲಕ್ಕೆ ಹತ್ತಿತು. ನಾನು ನೋಟುಪುಸ್ತಕ ತೆಗೆದು ಬರೆದುಕೊಂಡೆ. ಒಂದು ಹಂತದಲ್ಲಿ ಕೈ ಎತ್ತಿ, ಕಂತಿನ ಅಳತೆಯನ್ನು ಅದು ಯಾವುದರ ಮೇಲೆ ತೀರ್ಮಾನಿಸುತ್ತದೆ ಎಂದು ಕೇಳಿದೆ.

"ಒಳ್ಳೆ ಪ್ರಶ್ನೆ ಮೇಡಂ," ಅಂದರು. "ನೀವೇ ಪತ್ತೆ ಮಾಡಿ ಏಳಿ, ನಾನು ಈ ಕಡೆ ನೋಡ್ಕಂಡು ಬತ್ತೀನಿ." ಹನೂರಿನವರ ಕಡೆ ತಿರುಗಿದರು.

ಪದ್ಮಿನಿ ನನ್ನ ಪರದೆಯ ಕಡೆ ಬಗ್ಗಿ, "ಮೂರ್ನೇ ಸಾಲಲ್ಲಿ ತಪ್ಪು ಒತ್ತಿದ್ದೀರ ಅಕ್ಕ," ಎಂದಳು. ಹೌದು, ತಪ್ಪಿತ್ತು. ಮತ್ತೆ ಮೊದಲಿನಿಂದ ಮಾಡಿದೆ.

ಊಟದ ಹೊತ್ತಿಗೆ ಎಲ್ಲರದೂ ಮುಗಿಯಿತು. ಆರು ಜನ ಕಲಿಯಲು ಕೂತಿದ್ದೆವು. ನನ್ನದು ಐದನೆಯದಾಗಿ ಮುಗಿಯಿತು.